ಕಿಟಕಿಯುಳ್ಳ ವಿದ್ಯುತ್ಕೋಶ

೧

ಹುಬ್ಬಳ್ಳಿಯ ದುರ್ಗದಬೈಲಿನಂಥ ಹಳೆಯ ಪೇಟೆಯಲ್ಲಿ ಗಿಲೀಟಿನ ಒಡವೆಯನ್ನು ಕೈಯಲ್ಲಿ ಹಿಡಿದು, ಇದರ ಬಣ್ಣ ಎಷ್ಟು ದಿನ ನಿಂತೀತೆಂದು ಕೇಳದ ಗೃಹಿಣಿ ವಿರಳ. ಹಿತ್ತಾಳೆಯ ಬಳೆಗೆ ಬಂಗಾರದ ಹೊದಿಕೆಯನ್ನು ಕೊಟ್ಟದ್ದು ಒಂದು ಪಾತ್ರೆ, ಅದರೊಳಗಿನ ಬಂಗಾರದ ಉಪ್ಪಿನ ನೀರು, ಮತ್ತು ಎರಡು ತಂತಿಗಳ ಮೂಲಕ ಹರಿದ ವಿದ್ಯುತ್ಪ್ರವಾಹ. ಬಳೆಯನ್ನು ಪಾತ್ರೆಯಲ್ಲಿ ಇಳಿಬಿಟ್ಟಾಗ ಅದು ಹಿತ್ತಾಳೆ. ಮೇಲೆತ್ತಿದಾಗ ಅದು ಬಂಗಾರದಂತೆ ಹೊಳೆಯುವದು. ನಡುವಿನ ಗಳಿಗೆಯಲ್ಲಿ ಲೋಹದ ಮೈಮೇಲೆ ನಿಜವಾಗಿ ಏನು ನಡೆಯಿತೆಂಬುದನ್ನು ಮಾತ್ರ ಯಾರೂ ಕಣ್ಣಾರೆ ಕಂಡವರಿಲ್ಲ. ವಿದ್ಯುದ್ರಸಾಯನ ಶಾಸ್ತ್ರವೆಂಬುದು ಈ ನಡುವಿನ ಗಳಿಗೆಯ ಶಾಸ್ತ್ರ. ಹೆಚ್ಚುಕಡಿಮೆ ಇನ್ನೂರು ವರ್ಷಗಳ ವರೆಗೆ ಅದು ಮೊದಲನ್ನೂ ಕೊನೆಯನ್ನೂ ನೋಡಿ ನಡುವನ್ನು ಊಹಿಸುತ್ತ ಬಂದಿತು.

ಆ ನಡುವನ್ನು ಕೆಲಸ ನಡೆದಿರುವಾಗಲೇ ನೋಡಬೇಕೆಂಬ ಹಟದಿಂದ ಹುಟ್ಟಿದ್ದು ಒಂದು ಸಣ್ಣ ಉಪಕರಣ: ಕ್ಷ-ಕಿರಣಗಳು ಒಳಹೊಕ್ಕು ಹೊರಬರುವಂತೆ ಕಿಟಕಿಯನ್ನಿಟ್ಟ ವಿದ್ಯುತ್ಕೋಶ. ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರದ ಈ ಪಾತ್ರೆಯ ಚರಿತ್ರೆಯಲ್ಲಿ ಯುರೋಪು ಅಮೇರಿಕೆಗಳ ಹೆಸರುಗಳೊಡನೆ ಬೆಂಗಳೂರಿನ ಹೆಸರೂ ಬರುತ್ತದೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ.

೨

ಇ. ಸ. ೧೮೦೦ರಲ್ಲಿ ಇಟಲಿಯ ವೋಲ್ಟಾ ತನ್ನ ವಿದ್ಯುತ್ ಕಂಬದ ಸುದ್ದಿಯನ್ನು ಲಂಡನ್ನಿನ ರಾಯಲ್ ಸೊಸಾಯಿಟಿಗೆ ಬರೆದು ತಿಳಿಸಿದನು. ಅದೇ ವರ್ಷ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಅಂಥ ಕಂಬದ ತಂತಿಗಳನ್ನು ನೀರಿನಲ್ಲಿ ಮುಳುಗಿಸಿ, ಒಂದು ತುದಿಯಲ್ಲಿ ಜಲಜನಕವೂ ಇನ್ನೊಂದರಲ್ಲಿ ಆಮ್ಲಜನಕವೂ ಗುಳ್ಳೆಗಳಾಗಿ ಏಳುವದನ್ನು ಕಂಡರು. ಐದು ವರ್ಷಗಳ ತರುವಾಯ, ೧೮೦೫ರಲ್ಲಿ, ಬ್ರುನ್ಯಟೆಲ್ಲಿ ಎಂಬ ಇಟಲಿಯ ಪಂಡಿತನು ಅದೇ ಬಗೆಯ ಪ್ರವಾಹದಿಂದ ಬೆಳ್ಳಿಯ ಪದಕಗಳಿಗೆ ಬಂಗಾರದ ಹೊದಿಕೆ ಕೊಟ್ಟನು. ಇಂದಿನ ಗಿಲೀಟಿನ ಕಸುಬಿಗೆ ಅದೇ ಮೂಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಫ್ಯಾರಡೆಯು ೧೮೩೩-೩೪ರಲ್ಲಿ, ಎಷ್ಟು ವಿದ್ಯುತ್ತು ಹರಿದರೆ ಎಷ್ಟು ವಸ್ತು ಬೇರ್ಪಡುವದೆಂಬ ನಿಯಮವನ್ನು ಲೆಕ್ಕ ಹಾಕಿ ತೋರಿಸಿದನು. ಇಂದು ಜಗತ್ತೆಲ್ಲ ಬಳಸುವ ಆನೋಡ್, ಕ್ಯಾಥೋಡ್, ಅಯಾನ್ ಎಂಬ ಶಬ್ದಗಳು ಆತನ ಕಾಲದವು.

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಗುಟ್ಟು ಬಯಲಾಗಲಿಲ್ಲ. ಅದೇ ರಾಯಲ್ ಇನ್‌ಸ್ಟಿಟ್ಯೂಶನ್ನಿನ ಹಂಫ್ರಿ ಡೇವಿಯು ೧೮೧೭ರಲ್ಲಿ ಒಂದು ವಿಚಿತ್ರವನ್ನು ಕಂಡಿದ್ದನು. ಬಿಸಿಯಾದ ಪ್ಲಾಟಿನಂ ತಂತಿಯನ್ನು ದಹ್ಯವಾಯುವೂ ಗಾಳಿಯೂ ಬೆರೆತಲ್ಲಿ ಇಟ್ಟರೆ ಅದು ಜ್ವಾಲೆಯಿಲ್ಲದೆಯೇ ಕೆಂಪಗೆ ಹೊಳೆಯುತ್ತಿತ್ತು. ತಂತಿ ಸವೆಯಲಿಲ್ಲ, ಕರಗಲಿಲ್ಲ. ಆದರೂ ಅದರ ಸಾನ್ನಿಧ್ಯದಿಂದಲೇ ಎರಡು ವಸ್ತುಗಳು ಕೂಡಿ ಉರಿದವು. ೧೮೨೩ರಲ್ಲಿ ಡೋಬರೈನರನು ಪ್ಲಾಟಿನಂ ಪುಡಿಯ ಮೇಲೆ ಜಲಜನಕವನ್ನು ಹಾಯಿಸಿ ಬೆಂಕಿ ಹೊತ್ತಿಸುವ ದೀಪವನ್ನೇ ಮಾಡಿದನು. ಇಂಥ ವಸ್ತುಗಳ ಶಕ್ತಿಗೆ ಸ್ವೀಡನ್ನಿನ ಬರ್ಜೀಲಿಯಸನು ೧೮೩೫ರಲ್ಲಿ ಒಂದು ಹೆಸರನ್ನಿಟ್ಟನು. ಅದನ್ನೇ ನಾವು ಕನ್ನಡದಲ್ಲಿ ವೇಗವರ್ಧನವೆನ್ನುತ್ತೇವೆ. ತಾನು ವ್ಯಯವಾಗದೆ ಇತರರ ಕೂಟವನ್ನು ಸುಲಭಗೊಳಿಸುವ ವಸ್ತುವೇ ವೇಗವರ್ಧಕ. ಮದುವೆಯ ಮಾತುಕತೆಯಲ್ಲಿ ಎರಡೂ ಮನೆಯವರನ್ನು ಕೂಡಿಸಿ, ಊಟವಾದ ಮೇಲೆ ತನ್ನ ದಾರಿಯನ್ನು ತಾನು ಹಿಡಿಯುವ ಹಿರಿಯನ ಕೆಲಸದಂತಿದು.

೧೮೩೯ರಲ್ಲಿ ವಿಲಿಯಂ ಗ್ರೋವ್ ಎಂಬ ನ್ಯಾಯವಾದಿಯು, ನೀರನ್ನು ಒಡೆಯುವ ಕ್ರಿಯೆಯನ್ನು ತಿರುಗಿಸಿ, ಪ್ಲಾಟಿನಂ ತಗಡುಗಳ ಮೇಲೆ ಜಲಜನಕ ಆಮ್ಲಜನಕಗಳನ್ನು ಕೂಡಿಸಿ ವಿದ್ಯುತ್ತನ್ನು ಪಡೆಯಬಹುದೆಂದು ತೋರಿಸಿದನು. ಹೀಗೆ ವೇಗವರ್ಧಕವೂ ವಿದ್ಯುತ್ಕೋಶವೂ ಒಂದೇ ಪಾತ್ರೆಯಲ್ಲಿ ಸೇರಿದವು. ಆ ಪ್ಲಾಟಿನಂ ತಗಡಿನ ಮೈಮೇಲೆ ಪರಮಾಣುಗಳು ಏನು ಮಾಡುತ್ತವೆಂಬ ಪ್ರಶ್ನೆ ಮಾತ್ರ ಮುಂದೆ ಒಂದೂವರೆ ಶತಮಾನ ಹಾಗೆಯೇ ಉಳಿಯಿತು.

೩

ಉತ್ತರದ ಸಾಧನವು ಬೇರೊಂದು ದಿಕ್ಕಿನಿಂದ ಬಂದಿತು. ೧೮೯೫ರ ನವಂಬರ ೮ರಂದು ಜರ್ಮನಿಯ ರಾಂಟ್‌ಗೆನ್ನನಿಗೆ ಗುರುತು ಪರಿಚಯವಿಲ್ಲದ ಕಿರಣಗಳು ಕಾಣಿಸಿದವು. ಅಜ್ಞಾತವಾದದ್ದಕ್ಕೆ ಬೀಜಗಣಿತದಲ್ಲಿ ಕೊಡುವ ಅಕ್ಷರವನ್ನೇ ಅವನು ಹೆಸರಾಗಿ ಕೊಟ್ಟನು. ಕನ್ನಡದಲ್ಲಿ ಅದಕ್ಕೆ ‘ಕ್ಷ’ ಎಂಬ ಅಕ್ಷರ ದೊರೆಯಿತು. ೧೯೧೨ರಲ್ಲಿ ಲಾವೆ, ಮರುವರ್ಷ ಬ್ರ್ಯಾಗ್ ತಂದೆಮಕ್ಕಳು, ಈ ಕಿರಣಗಳಿಂದ ಹರಳುಗಳೊಳಗಿನ ಪರಮಾಣುಗಳ ಸಾಲನ್ನು ಓದಬಹುದೆಂದು ಸಿದ್ಧಪಡಿಸಿದರು. ಆದರೆ ವೇಗವರ್ಧಕವು ಬಹುಮಟ್ಟಿಗೆ ನುಣುಪಾದ ಪುಡಿ. ಅದರಲ್ಲಿ ಸಾಲುಗಟ್ಟಿದ ಶಿಸ್ತು ಕಡಿಮೆ. ಹರಳಿಗೆ ಒದಗಿದ ಉಪಾಯ ಅದಕ್ಕೆ ಸಾಕಾಗಲಿಲ್ಲ.

ಇನ್ನೊಂದು ಉಪಾಯವಿತ್ತು. ಕ್ಷ-ಕಿರಣದ ಶಕ್ತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ, ಪ್ರತಿಯೊಂದು ಮೂಲವಸ್ತುವೂ ತನಗೇ ಮೀಸಲಾದ ಒಂದು ಮಟ್ಟದಲ್ಲಿ ಕಿರಣವನ್ನು ಒಮ್ಮೆಲೆ ಹೆಚ್ಚಾಗಿ ಹೀರತೊಡಗುತ್ತದೆ. ಇದಕ್ಕೆ ಹೀರಿಕೆಯ ಅಂಚೆನ್ನಬಹುದು. ಕಬ್ಬಿಣಕ್ಕೆ ಒಂದು ಅಂಚು, ತಾಮ್ರಕ್ಕೆ ಇನ್ನೊಂದು, ಪ್ಲಾಟಿನಂಗೆ ಮತ್ತೊಂದು. ಒಂದರ ಅಂಚು ಇನ್ನೊಂದಕ್ಕೆ ಸಲ್ಲದು. ಆದ್ದರಿಂದ ಹತ್ತು ಮೂಲವಸ್ತುಗಳು ಬೆರೆತ ಪಾತ್ರೆಯಲ್ಲಿಯೂ ಬೇಕಾದ ಒಂದನ್ನೇ ಆರಿಸಿ ಪ್ರಶ್ನಿಸಬಹುದು. ಲೋಹವು ಶುದ್ಧರೂಪದಲ್ಲಿದೆಯೋ ಆಮ್ಲಜನಕದೊಡನೆ ಕೂಡಿದೆಯೋ ಎಂಬುದಕ್ಕೆ ತಕ್ಕಂತೆ ಆ ಅಂಚು ತುಸು ಹಿಂದೆ ಮುಂದೆ ಸರಿಯುವದು. ಅಂಚಿನ ಆಚೆಗೆ ಸಣ್ಣ ಸಣ್ಣ ತೆರೆಗಳೂ ಕಾಣುತ್ತವೆ. ಈ ತೆರೆಗಳನ್ನು ೧೯೨೦ರಲ್ಲಿಯೇ ಫ್ರಿಕ್ಕೆ, ಹೆರ್ಟ್ಸ್ ಎಂಬವರು ಗುರುತಿಸಿದ್ದರು. ೧೯೩೧ರಲ್ಲಿ ಕ್ರೋನಿಗ್ ಅವಕ್ಕೆ ಕಾರಣ ಹೇಳಲು ಯತ್ನಿಸಿದನು.

ಉಣಕಲ್ಲ ಕೆರೆಯ ನಿಶ್ಚಲ ನೀರಿನಲ್ಲಿ ಒಂದು ಕಲ್ಲನ್ನು ಹಾಕಿದರೆ ತೆರೆಗಳು ಸುತ್ತಲೂ ಹರಡಿ, ನೀರಿನಿಂದ ತಲೆಯೆತ್ತಿದ ಬಂಡೆಗಳಿಗೆ ತಾಕಿ ಹಿಂದಿರುಗುವವು. ಹೋಗುವ ತೆರೆಯೂ ಮರಳುವ ತೆರೆಯೂ ಕೂಡಿದಲ್ಲಿ ನೀರು ಒಮ್ಮೆ ಏರಿ ಒಮ್ಮೆ ಇಳಿಯುವದು. ಆ ಏರಿಳಿತವನ್ನು ಜಾಣನು ನೋಡಿ, ಬಂಡೆ ಎಷ್ಟು ದೂರದಲ್ಲಿದೆಯೆಂದು ಹೇಳಬಲ್ಲನು. ಕ್ಷ-ಕಿರಣವನ್ನು ಹೀರಿದ ಪರಮಾಣುವಿನಿಂದ ಹೊರಬಿದ್ದ ಇಲೆಕ್ಟ್ರಾನಿನ ತೆರೆಯೂ ಅದರಂತೆಯೇ ನೆರೆಯ ಪರಮಾಣುಗಳಿಗೆ ತಾಕಿ ಮರಳುವದು. ಹೀರಿಕೆಯ ಏರಿಳಿತದಲ್ಲಿ ನೆರೆಯವರ ದೂರವೂ ಸಂಖ್ಯೆಯೂ ಅಡಗಿವೆ. ಇದನ್ನು ಗಣಿತದಿಂದ ಬಿಡಿಸಿ ತೋರಿಸಿದವರು ಅಮೇರಿಕೆಯ ಸೇಯರ್ಸ್, ಸ್ಟರ್ನ್, ಲೈಟಲ್ ಎಂಬ ಮೂವರು, ವರ್ಷ ೧೯೭೧. ಅಂದಿನಿಂದ, ಶಿಸ್ತಿಲ್ಲದ ಪುಡಿಯಲ್ಲಿಯೂ ಪರಮಾಣುಗಳ ನೆರೆಹೊರೆಯನ್ನು ಅಳೆಯುವದು ಶಕ್ಯವಾಯಿತು.

ಕೊರತೆಯಿದ್ದದ್ದು ಬೆಳಕಿನದು. ಪ್ರಯೋಗಶಾಲೆಯ ಕ್ಷ-ಕಿರಣದ ನಳಿಗೆಯಿಂದ ಒಂದು ಚಿತ್ರ ಪಡೆಯಲು ಅನೇಕ ತಾಸುಗಳು ಹಿಡಿಯುತ್ತಿದ್ದವು. ೧೯೪೭ರಲ್ಲಿ ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ, ಇಲೆಕ್ಟ್ರಾನುಗಳನ್ನು ವೃತ್ತಾಕಾರದಲ್ಲಿ ಓಡಿಸುವ ಸಿಂಕ್ರೊಟ್ರಾನ್ ಯಂತ್ರದಿಂದ ಒಂದು ತೀವ್ರವಾದ ಬೆಳಕು ಚಿಮ್ಮುವದು ಕಂಡಿತ್ತು. ಯಂತ್ರವನ್ನು ಕಟ್ಟಿದವರಿಗೆ ಅದು ಶಕ್ತಿಯ ಸೋರಿಕೆ. ಪದಾರ್ಥವನ್ನು ನೋಡಬಯಸಿದವರಿಗೆ ಅದೇ ನಿಧಿ. ೧೯೭೪ರಿಂದ ಸ್ಟ್ಯಾನ್‌ಫರ್ಡಿನಲ್ಲಿ ಈ ಬೆಳಕನ್ನು ಹೀರಿಕೆಯ ಅಭ್ಯಾಸಕ್ಕೆ ಉಪಯೋಗಿಸಲು ಮೊದಲಾಯಿತು. ಲೈಟಲ್ ಅಲ್ಲಿಗೆ ಹೋಗಿ ಮೂರು ದಿವಸಗಳಲ್ಲಿ ಪಡೆದದ್ದು, ಅದರ ಹಿಂದಿನ ಹತ್ತು ವರ್ಷಗಳಲ್ಲಿ ಕೂಡಿಸಿದ್ದಕ್ಕಿಂತ ಹೆಚ್ಚಿನದಾಗಿತ್ತು.

೪

ಬೆಳಕು ದೊರೆಯಿತು, ಇನ್ನು ಪಾತ್ರೆ ಬೇಕಾಗಿತ್ತು. ಅದಕ್ಕೆ ಮೊದಲು, ವೇಗವರ್ಧಕವನ್ನು ಕೆಲಸದ ನಡುವೆಯೇ ಏಕೆ ನೋಡಬೇಕು, ಹೊರತೆಗೆದು ನಿಶ್ಚಿಂತೆಯಿಂದ ಪರೀಕ್ಷಿಸಿದರೆ ಸಾಲದೆ, ಎಂಬ ಪ್ರಶ್ನೆಗೆ ಉತ್ತರ ಅವಶ್ಯ.

ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವದನ್ನು ಎಂದೂ ಕಾಣದವನಿಗೆ ಬುಟ್ಟಿಯಲ್ಲಿ ಆರಿದ ರೊಟ್ಟಿಯನ್ನು ಕೊಟ್ಟು, ಇದು ಹೇಗೆ ಬೆಂದಿತು ಹೇಳೆಂದರೆ ಅವನು ಏನು ಹೇಳಿಯಾನು? ಒಳಗಿನ ಉಗಿ ಹೋಗಿದೆ, ಪದರು ಕುಗ್ಗಿದೆ. ಅವನು ಸುಳ್ಳು ಹೇಳುವದಿಲ್ಲ; ಆದರೆ ಅವನ ಮುಂದಿರುವದೇ ಬೇರೆ ವಸ್ತು. ವೇಗವರ್ಧಕದ ಗತಿಯೂ ಇದೇ. ಇಂಗಾಲಾಮ್ಲ ವಾಯುವನ್ನು ಉಪಯುಕ್ತ ವಸ್ತುಗಳಾಗಿ ಮಾರ್ಪಡಿಸುವ ತಾಮ್ರದ ವಿದ್ಯುದ್ವಾರವು ಪ್ರವಾಹ ಹರಿಯುತ್ತಿರುವಾಗ ಬಹುಮಟ್ಟಿಗೆ ಶುದ್ಧ ತಾಮ್ರವಾಗಿರುವದು. ಪ್ರವಾಹ ನಿಲ್ಲಿಸಿ ಗಾಳಿಗೆ ತೆಗೆದರೆ ಅದರ ಮೈ ಬೇಗನೆ ಕಿಲುಬು ಹಿಡಿಯುವದು. ಹೊರಗೆ ಪರೀಕ್ಷಿಸಿದವನು ಕಿಲುಬನ್ನು ಕಂಡು ಕೆಲಸ ಮಾಡಿದ್ದು ಕಿಲುಬೇ ಎಂದು ಬರೆದರೆ, ಅವನ ಮಾತನ್ನು ನಂಬಿ ಹೊಸ ವೇಗವರ್ಧಕವನ್ನು ಮಾಡಹೋದವನು ವರ್ಷಗಟ್ಟಲೆ ತಪ್ಪು ದಾರಿಯಲ್ಲಿ ನಡೆದಾನು. ನೀರಿನಿಂದ ಆಮ್ಲಜನಕವನ್ನು ಬಿಡಿಸುವ ನಿಕ್ಕಲಿನಲ್ಲಿ ಇದರ ವಿರುದ್ಧ ದಿಕ್ಕಿನ ಮಾರ್ಪಾಡು ಆಗುತ್ತದೆ: ಕೆಲಸದ ವೇಳೆಗೆ ಏರಿದ ಸ್ಥಿತಿಯಲ್ಲಿರುವ ನಿಕ್ಕಲು, ಬಿಡುವು ದೊರೆತೊಡನೆ ತನ್ನ ಹಳೆಯ ಸ್ಥಿತಿಗೆ ಇಳಿಯತೊಡಗುವದು. ಕೆಲಸ ನಡೆದಿರುವಾಗಲೇ ಅದರ ಫಲವನ್ನೂ ಅಳೆಯುತ್ತ ನೋಡುವ ಈ ಕ್ರಮಕ್ಕೆ ೨೦೦೨ರ ಸುಮಾರಿಗೆ ಸ್ಪೇನ್ ದೇಶದ ಬನ್ಯಾರೆಸ್ ಮತ್ತು ಸಂಗಡಿಗರು, ‘ಕೆಲಸ ಮಾಡುತ್ತಿರುವಾಗ’ ಎಂಬರ್ಥದ ಲ್ಯಾಟಿನ್ ಶಬ್ದದಿಂದ, ‘ಆಪರೇಂಡೊ’ ಎಂಬ ಹೆಸರನ್ನು ಬಳಕೆಗೆ ತಂದರು. ಹೆಸರಿಗಿಂತ ಕೆಲಸ ಹಳೆಯದು.

೫

ಬೆಂಗಳೂರಿನ ಪಾಲು ಇಲ್ಲಿ ಬರುತ್ತದೆ. ಅಲ್ಲಿಯ ಭಾರತೀಯ ವಿಜ್ಞಾನ ಮಂದಿರವು ೧೯೦೯ರಲ್ಲಿ ಸ್ಥಾಪಿತವಾಗಿ ೧೯೧೧ರಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. ಮೈಸೂರು ಸೀಮೆಗೆ ಆಗಲೇ ವಿದ್ಯುತ್ತಿನ ಪರಿಚಯವಿತ್ತು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ಧಾರೆಯಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತ್ತು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ್ದರು. ದೇಶದ ವಿದ್ಯುದ್ರಸಾಯನಕ್ಕೆಂದೇ ಪ್ರತ್ಯೇಕ ಸಂಸ್ಥೆಯೊಂದು ಬಂದದ್ದು ಸ್ವಾತಂತ್ರ್ಯದ ತರುವಾಯ: ತಮಿಳುನಾಡಿನ ಕಾರೈಕುಡಿಯಲ್ಲಿ, ಅಳಗಪ್ಪ ಚೆಟ್ಟಿಯಾರರು ಕೊಟ್ಟ ಭೂಮಿಯಲ್ಲಿ, ೧೯೪೮ರ ಜುಲೈ ೨೫ರಂದು ನೆಹರೂ ಅವರು ಅಡಿಗಲ್ಲನ್ನಿಟ್ಟ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯವು ೧೯೫೩ರಲ್ಲಿ ಆರಂಭವಾಯಿತು.

೧೯೩೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪದವೀಧರರಾದ ಸಿ. ಎನ್. ಆರ್. ರಾವ್ ಅವರು ಕಾನಪುರದಿಂದ ೧೯೭೬ರಲ್ಲಿ ವಿಜ್ಞಾನ ಮಂದಿರಕ್ಕೆ ಮರಳಿ, ಘನಪದಾರ್ಥಗಳ ರಚನೆಯನ್ನೂ ರಸಾಯನವನ್ನೂ ಅಭ್ಯಸಿಸುವ ಹೊಸ ವಿಭಾಗವನ್ನು ಕಟ್ಟಿದರು. ೧೯೮೪ರಿಂದ ಹತ್ತು ವರ್ಷ ಅವರು ಮಂದಿರದ ನಿರ್ದೇಶಕರಾಗಿದ್ದರು. ಆ ಕಾಲದಲ್ಲಿ ಭಾರತದಲ್ಲಿ ಸಿಂಕ್ರೊಟ್ರಾನ್ ಬೆಳಕಿರಲಿಲ್ಲ. ಅದು ಬರುವ ವರೆಗೆ ಕಾಯ್ದು ಕುಳಿತುಕೊಳ್ಳದೆ ರಾವ್ ಅವರ ಬಳಗವು, ತಿರುಗುವ ಗುರಿಲೋಹವುಳ್ಳ ಕ್ಷ-ಕಿರಣ ಯಂತ್ರವನ್ನೇ ನೆಚ್ಚಿ, ಹೀರಿಕೆಯ ತೆರೆಗಳನ್ನು ಅಳೆಯುವ ಕೆಲಸಕ್ಕೆ ಕೈಹಾಕಿತು. ಗುರಿಲೋಹ ತಿರುಗುತ್ತಿದ್ದರೆ ಅದು ಒಂದೇ ಕಡೆ ಕಾಯ್ದು ಕರಗುವದಿಲ್ಲ. ಆದ್ದರಿಂದ ಸಾಮಾನ್ಯ ನಳಿಗೆಗಿಂತ ಹೆಚ್ಚಿನ ಕಿರಣವನ್ನು ಪಡೆಯಬಹುದು. ಆದರೂ ಸಿಂಕ್ರೊಟ್ರಾನಿನ ಮುಂದೆ ಅದು ಸೂರ್ಯನ ಮುಂದಿನ ಹಣತೆ. ಆ ಹಣತೆಯ ಬೆಳಕಿನಲ್ಲಿಯೇ ಜಿ. ಶಂಕರ್, ಜಿ. ಯು. ಕುಲಕರ್ಣಿ ಮುಂತಾದ ತರುಣರು ರಾವ್ ಅವರೊಡನೆ ತಾಮ್ರ ಮತ್ತು ನಿಕ್ಕಲಿನ ಜೋಡಿ ವೇಗವರ್ಧಕಗಳನ್ನು ಅಭ್ಯಸಿಸಿದರು. ಪುಡಿಯನ್ನು ಕಿಟಕಿಯುಳ್ಳ ಪಾತ್ರೆಯಲ್ಲಿಟ್ಟು, ಜಲಜನಕದಲ್ಲಿ ಕಾಯಿಸಿ, ಗಾಳಿಗೆ ತೆರೆಯದೆಯೇ ಅದರ ಮೇಲೆ ಕಿರಣ ಹಾಯಿಸುವದು ಅವರ ಕ್ರಮ. ಲೋಹವಾಗಿ ಮಾರ್ಪಟ್ಟದ್ದೆಷ್ಟು, ಮಾರ್ಪಡದೆ ಆಧಾರದ ಪುಡಿಗೆ ಅಂಟಿ ಉಳಿದದ್ದೆಷ್ಟು, ಇವೇ ಅವರ ಪ್ರಶ್ನೆಗಳು. ಇವುಗಳ ವರದಿ ೧೯೯೧ರಲ್ಲಿ ವೇಗವರ್ಧನದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬೆಳಕು ಕಂಡಿತು.

ಅದು ವಾಯುಗಳ ಪಾತ್ರೆ. ಅದರಲ್ಲಿ ನೀರೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಆದರೆ ಮೂಲತತ್ವ ಒಂದೇ: ವಸ್ತುವನ್ನು ಕಿರಣದ ಬಳಿಗೆ ಒಯ್ದರೆ ಸಾಲದು, ಅದರ ಪರಿಸರವನ್ನೂ ಒಯ್ಯಬೇಕು. ಬೆಂಗಳೂರಿನಲ್ಲಿ ಪಳಗಿದ ಶಂಕರ್ ಅವರು ಮುಂದೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಜಾನ್ ಮ್ಯೂರಿಗ್ ಥಾಮಸ್ ಅವರೊಡನೆ ಕೆಲಸ ಮಾಡಿ, ಇಂಥ ಪಾತ್ರೆಗಳ ವಿದ್ಯೆಯನ್ನು ಬೆಳೆಸಿದರು. ಡೇವಿ ಪ್ಲಾಟಿನಂ ತಂತಿಯನ್ನು ನೋಡಿ ಬೆರಗಾದ ಸಂಸ್ಥೆಯೂ, ಫ್ಯಾರಡೆ ವಿದ್ಯುತ್ತಿನ ಲೆಕ್ಕ ಬರೆದ ಸಂಸ್ಥೆಯೂ ಅದೇ ಎಂಬುದನ್ನು ವಾಚಕರು ಮರೆತಿರಲಾರರು.

ಇದೇ ಹೊತ್ತಿನಲ್ಲಿ ಅಮೇರಿಕೆಯಲ್ಲಿ ನೀರೂ ವಿದ್ಯುತ್ತೂ ಕೂಡಿದ ಪಾತ್ರೆಗಳು ಸಿದ್ಧವಾಗುತ್ತಿದ್ದವು. ೧೯೮೬ರಲ್ಲಿ ಬ್ಲಮ್, ಅಬ್ರುನ್ಯಾ ಮತ್ತು ಸಂಗಡಿಗರು ಬಂಗಾರದ ಮೈಮೇಲೆ ವಿದ್ಯುತ್ತಿನಿಂದ ಕೂತ ತಾಮ್ರದ ಒಂದೇ ಪದರನ್ನು ದ್ರವದೊಳಗೇ ಪರೀಕ್ಷಿಸಿದರು. ಪೇಟೆಯ ಗಿಲೀಟಿನವನು ದಿನಾಲು ಮಾಡುವ ಕೆಲಸದ ಮೊದಲ ಕ್ಷಣವನ್ನು ಶಾಸ್ತ್ರವು ಹೀಗೆ ಕಂಡಿತು. ೧೯೮೭ರಲ್ಲಿ ಮೆಕ್‌ಬ್ರೀನ್, ಒ’ಗ್ರೇಡಿ, ಪಂಡ್ಯಾ ಮೊದಲಾದವರು ಬ್ಯಾಟರಿಯ ನಿಕ್ಕಲ್ ವಿದ್ಯುದ್ವಾರವನ್ನು ನೋಡಿದರು. ೧೯೯೫ರಲ್ಲಿ ಸಂಜೀವ ಮುಖರ್ಜಿ, ಸುಪ್ರಮಣಿಯಂ ಶ್ರೀನಿವಾಸನ್, ಮೆಕ್‌ಬ್ರೀನ್ ಮೊದಲಾದವರು, ಪ್ಲಾಟಿನಂನೊಡನೆ ನಿಕ್ಕಲು, ಕೋಬಾಲ್ಟು, ಕಬ್ಬಿಣ ಮುಂತಾದವನ್ನು ಬೆರೆಸಿದಾಗ ಪ್ಲಾಟಿನಂ ಪರಮಾಣುಗಳು ಒಂದಕ್ಕೊಂದು ತುಸು ಹತ್ತಿರ ಸರಿಯುವವೆಂದೂ, ಗ್ರೋವನ ಕೋಶದಲ್ಲಿ ಆಮ್ಲಜನಕವನ್ನು ಕೂಡಿಸುವ ಕೆಲಸ ಅದರಿಂದ ಚುರುಕಾಗುವದಕ್ಕೂ ಇದಕ್ಕೂ ಸಂಬಂಧವುಂಟೆಂದೂ ತೋರಿಸಿದರು. ಒಂದೂವರೆ ಶತಮಾನದ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರಗಳಲ್ಲಿ ಅದೊಂದು.

೬

ಪಾತ್ರೆಯನ್ನು ಕಟ್ಟುವ ಕೆಲಸ ಹೇಳಿದಷ್ಟು ಸುಲಭವಲ್ಲ. ಅದು ಇಬ್ಬರು ಯಜಮಾನರ ಆಳು. ಇಬ್ಬರ ಅಪೇಕ್ಷೆಗಳೂ ಒಂದಕ್ಕೊಂದು ವಿರುದ್ಧ. ವಿದ್ಯುದ್ರಸಾಯನಜ್ಞನಿಗೆ ಧಾರಾಳ ನೀರು ಬೇಕು. ನೀರು ಕಡಿಮೆಯಾದರೆ ಪ್ರವಾಹಕ್ಕೆ ಅಡ್ಡಿ ಹೆಚ್ಚುವದು, ವಿದ್ಯುದ್ವಾರದ ಒಂದೊಂದು ಭಾಗದಲ್ಲಿ ಒಂದೊಂದು ಒತ್ತಡ ಉಂಟಾಗುವದು. ಕ್ಷ-ಕಿರಣದವನಿಗೆ ನೀರೇ ವೈರಿ. ಕಬ್ಬಿಣವನ್ನು ನೋಡಲು ಬೇಕಾಗುವ ಕಿರಣವು ಸುಮಾರು ಮುಕ್ಕಾಲು ಮಿಲಿಮೀಟರು ನೀರನ್ನು ದಾಟುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ನಷ್ಟವಾಗುವದು. ಪ್ಲಾಟಿನಂಗೆ ಬೇಕಾಗುವ ಕಿರಣ ಇದಕ್ಕಿಂತ ಬಲವಾದದ್ದು, ಎರಡು ಮೂರು ಮಿಲಿಮೀಟರು ನೀರನ್ನು ಸಹಿಸೀತು. ಆಮ್ಲಜನಕವನ್ನೇ ನೋಡಬೇಕೆಂದರೆ ಬೇಕಾಗುವ ಮೆದುಕಿರಣಕ್ಕಂತೂ ಕೂದಲೆಳೆಗಿಂತ ತೆಳುವಾದ ನೀರೂ ಗೋಡೆಯಂತೆ ಅಡ್ಡವಾಗುವದು.

ಈ ಜಗಳಕ್ಕೆ ಎರಡು ರೀತಿಯ ರಾಜಿ ಉಂಟು. ಒಂದರಲ್ಲಿ ಕಿಟಕಿಗೂ ವಿದ್ಯುದ್ವಾರಕ್ಕೂ ನಡುವೆ ನೀರಿನ ತೆಳು ಪದರನ್ನಷ್ಟೇ ಬಿಡುವರು. ಇನ್ನೊಂದರಲ್ಲಿ ವಿದ್ಯುದ್ವಾರವನ್ನೇ ಗೋಡೆಯಾಗಿ ಮಾಡುವರು: ಇಂಗಾಲದ ತೆಳು ಹಾಳೆಯ ಒಳಮೈಗೆ ವೇಗವರ್ಧಕವನ್ನು ಬಳಿದು, ಕಿರಣವನ್ನು ಹೊರಮೈಯಿಂದ ಹಾಯಿಸುವರು. ಆಗ ಕಿರಣಕ್ಕೆ ನೀರನ್ನು ದಾಟುವ ಕಷ್ಟವಿಲ್ಲ. ಒಳಗೆ ನೀರು ಬೇಕಾದಷ್ಟಿರಬಹುದು. ಹಾಳೆಯಿಂದ ದ್ರವ ಒಸರದಂತೆ ಹಿಂದುಗಡೆ ಕಿಟಕಿಯ ಪರೆಯನ್ನು ಹಚ್ಚಬೇಕು. ದಾಟಿ ಬಂದ ಕಿರಣವನ್ನು ಅಳೆಯುವ ಬದಲು, ವೇಗವರ್ಧಕವು ಕಿರಣವನ್ನು ಹೀರಿ ಪ್ರತಿಯಾಗಿ ಹೊರಸೂಸುವ ಬೆಳಕನ್ನು ಅದೇ ಪಕ್ಕದಲ್ಲಿ ಅಳೆಯುವರು. ವಸ್ತು ಅತ್ಯಲ್ಪವಾಗಿದ್ದಲ್ಲಿ ಇದೇ ಮೇಲಾದ ದಾರಿ.

ಕಿಟಕಿಗೆ ಬಹಳವಾಗಿ ಬಳಸುವದು ಕ್ಯಾಪ್ಟನ್ ಎಂಬ ಹೆಸರಿನಲ್ಲಿ ಮಾರುವ ಜೇನುಬಣ್ಣದ ಪರೆ. ದಪ್ಪ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅದು ಕಾವನ್ನು ತಾಳುವದು, ಆಮ್ಲವನ್ನೂ ಬಹುಮಟ್ಟಿಗೆ ತಾಳುವದು; ತೀಕ್ಷ್ಣವಾದ ಕ್ಷಾರದಲ್ಲಿ ಮಾತ್ರ ಕ್ರಮೇಣ ಕೊರೆದುಹೋಗುವದು. ಕ್ಷಾರದಲ್ಲಿ ಕೆಲಸ ಮಾಡುವ ನಿಕ್ಕಲಿನ ಅಭ್ಯಾಸಿಯು ಇದನ್ನು ಮರೆತರೆ ನಡುರಾತ್ರಿಯಲ್ಲಿ ಪಾತ್ರೆ ಸೋರಿ, ಬಹು ದಿನ ಕಾಯ್ದು ದೊರಕಿಸಿದ ಕಿರಣದ ಅವಧಿ ನೀರುಪಾಲಾಗುವದು.

ಕೋಶದಲ್ಲಿ ಎರಡಲ್ಲ, ಮೂರು ವಿದ್ಯುದ್ವಾರಗಳಿರಬೇಕು. ಕೆಲಸ ಮಾಡುವದೊಂದು, ಪ್ರವಾಹದ ವರ್ತುಲವನ್ನು ಪೂರೈಸುವದು ಇನ್ನೊಂದು, ಒತ್ತಡವನ್ನು ಅಳೆಯಲು ಸಾಕ್ಷಿಯಾಗಿ ನಿಲ್ಲುವದು ಮೂರನೆಯದು. ಸಾಕ್ಷಿಯು ಕೆಲಸಗಾರನಿಗೆ ಸಮೀಪದಲ್ಲಿರಬೇಕು. ದೂರವಾದಷ್ಟೂ ಅದರ ಹೇಳಿಕೆಯಲ್ಲಿ ನೀರಿನ ಅಡ್ಡಿಯ ಪಾಲು ಬೆರೆಯುವದು. ಎರಡನೆಯದನ್ನು ಪ್ಲಾಟಿನಂನಿಂದ ಮಾಡಿದರೆ ಮತ್ತೊಂದು ಮೋಸ ಸಂಭವಿಸುತ್ತದೆ. ಆ ಪ್ಲಾಟಿನಂ ಕಣಕಣವಾಗಿ ಕರಗಿ, ನೀರಿನಲ್ಲಿ ಸಾಗಿ, ಪರೀಕ್ಷೆಗಿಟ್ಟ ಅಗ್ಗದ ವೇಗವರ್ಧಕದ ಮೇಲೆ ಕೂಡುವದು. ಜಲಜನಕ ಭರದಿಂದ ಏಳತೊಡಗುವದು. ಶೋಧಕನು ಅಗ್ಗದ ವಸ್ತುವಿಗೆ ಬೆಲೆಯುಳ್ಳ ವಸ್ತುವಿನ ಕೀರ್ತಿಯನ್ನು ಕೊಟ್ಟುಬಿಡುವನು. ಆದ್ದರಿಂದ ಎಚ್ಚರಿಕೆಯುಳ್ಳವರು ಅಲ್ಲಿ ಇಂಗಾಲದ ಕಡ್ಡಿಯನ್ನು ಬಳಸುವರು, ಇಲ್ಲವೆ ನಡುವೆ ಪರೆಯನ್ನಿಟ್ಟು ಎರಡೂ ಕೋಣೆಗಳನ್ನು ಬೇರ್ಪಡಿಸುವರು.

ಗುಳ್ಳೆಗಳ ಉಪದ್ರವವೂ ಸಾಮಾನ್ಯವಲ್ಲ. ನೀರನ್ನು ಒಡೆಯುವ ಕೋಶ ಚೆನ್ನಾಗಿ ಕೆಲಸ ಮಾಡಿದಷ್ಟೂ ಗುಳ್ಳೆಗಳು ಹೆಚ್ಚು; ಕಿರಣದ ದಾರಿಯಲ್ಲಿ ಗುಳ್ಳೆ ಬಂದು ಒಡೆದಾಗಲೆಲ್ಲ ಅಳತೆ ನೆಗೆದಾಡುವದು. ದ್ರವವನ್ನು ಪಂಪಿನಿಂದ ಎಡೆಬಿಡದೆ ಹರಿಸಿ, ಪಾತ್ರೆಯನ್ನು ತುಸು ಓರೆಯಾಗಿ ನಿಲ್ಲಿಸಿ ಗುಳ್ಳೆಗಳನ್ನು ತೊಲಗಿಸುವದು ರೂಢಿ. ಕಿರಣವೇ ನೀರನ್ನು ಒಡೆದು, ವೇಗವರ್ಧಕವನ್ನು ಕೆಡಿಸುವದೂ ಉಂಟು. ಅದಕ್ಕಾಗಿ ಕಿರಣ ಬೀಳದ ಇನ್ನೊಂದು ಜಾಗವನ್ನೂ ನೋಡಿ, ಎರಡೂ ಕಡೆ ಒಂದೇ ಉತ್ತರ ಬಂದರೆ ಮಾತ್ರ ನಂಬಬೇಕು. ಇಷ್ಟಾದ ಮೇಲೂ ಒಂದು ಮಿತಿ ಉಳಿಯುವದು: ಕಿರಣವು ಕಣದ ಒಳಗಿನ ಪರಮಾಣುಗಳನ್ನೂ ಮೈಮೇಲಿನವುಗಳನ್ನೂ ಸಮನಾಗಿ ಎಣಿಸುವದು; ಕೆಲಸ ಮಾಡುವವು ಮೈಮೇಲಿನವಷ್ಟೆ. ಆದ್ದರಿಂದ ಕಣಗಳನ್ನು ಆದಷ್ಟು ಸಣ್ಣವನ್ನಾಗಿ ಮಾಡಿ, ಹೆಚ್ಚು ಪಾಲು ಪರಮಾಣುಗಳನ್ನು ಮೈಮೇಲೆ ತರಬೇಕಾಗುತ್ತದೆ.

ಈ ಒಂದೊಂದು ಎಚ್ಚರಿಕೆಯ ಹಿಂದೆಯೂ ಯಾರದೋ ವ್ಯರ್ಥವಾದ ವಾರವಿದೆ. ಪಾತ್ರೆಯ ಚರಿತ್ರೆಯೆಂದರೆ ದೊಡ್ಡ ಹೆಸರುಗಳ ಚರಿತ್ರೆಯಷ್ಟೇ ಅಲ್ಲ. ಗಾಜನ್ನು ಊದಿದವರ, ಲೇತಿನ ಮುಂದೆ ನಿಂತವರ, ರಬ್ಬರಿನ ಉಂಗುರವನ್ನು ಬಿಗಿದವರ ಚರಿತ್ರೆಯೂ ಅಹುದು.

೭

ಭಾರತಕ್ಕೆ ತನ್ನದೇ ಆದ ಸಿಂಕ್ರೊಟ್ರಾನ್ ಬೆಳಕು ಬಂದದ್ದು ಮಧ್ಯಪ್ರದೇಶದ ಇಂದೂರಿನಲ್ಲಿ. ಅಲ್ಲಿಯ ‘ಇಂಡಸ್-೧’ ೧೯೯೯ರಲ್ಲಿ ಬೆಳಗಿತು. ತರುವಾಯ ೧೭೨ ಮೀಟರಿಗೆ ತುಸು ಹೆಚ್ಚಿನ ಸುತ್ತಳತೆಯ ‘ಇಂಡಸ್-೨’ ಬಂದಿತು. ಕ್ಷ-ಕಿರಣದ ಹೀರಿಕೆಯನ್ನು ಅಳೆಯುವ ಸಾಲುಗಳು ಇರುವದು ಈ ಎರಡನೆಯದರಲ್ಲಿ. ಆ ಸಂಸ್ಥೆಗೆ ೨೦೦೫ರಲ್ಲಿ ಕನ್ನಡಿಗರಾದ ರಾಜಾ ರಾಮಣ್ಣ ಅವರ ಹೆಸರನ್ನಿಟ್ಟರು. ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ೧೯೨೫ರಲ್ಲಿ ಹುಟ್ಟಿ, ಪರಮಾಣು ವಿಜ್ಞಾನದಲ್ಲಿ ದೇಶದ ಮುಂದಾಳುಗಳಾದ ರಾಮಣ್ಣ ಅವರ ಹೆಸರಿನ ಮಂದಿರದಲ್ಲಿ ಇಂದು ದೇಶದ ನಾನಾ ಕಡೆಯ ತರುಣರು ತಮ್ಮ ತಮ್ಮ ಪಾತ್ರೆಗಳನ್ನು ಹೊತ್ತುಕೊಂಡು ಬರುತ್ತಾರೆ.

ಇನ್ನೂ ತೀವ್ರವಾದ ಬೆಳಕು ಬೇಕಾದವರು ಜರ್ಮನಿಯ ಹಾಂಬುರ್ಗಿಗೆ ಹೋಗುತ್ತಾರೆ. ಅಲ್ಲಿಯ ‘ಪೆಟ್ರಾ-೩’ ಯಂತ್ರದ ಸುತ್ತಳತೆ ೨೩೦೪ ಮೀಟರು. ಭಾರತೀಯ ಶೋಧಕರು ಅದನ್ನು ಬಳಸುವ ಏರ್ಪಾಡನ್ನು ನೋಡಿಕೊಂಡದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ೧೯೮೯ರಲ್ಲಿ ರಾವ್ ಅವರ ಮುಂದಾಳುತನದಲ್ಲಿ ಹುಟ್ಟಿದ ಈ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ಬಳಗವು ನೀರಿನಿಂದ ಜಲಜನಕವನ್ನೂ, ಇಂಗಾಲಾಮ್ಲ ವಾಯುವಿನಿಂದ ಉಪಯುಕ್ತ ವಸ್ತುಗಳನ್ನೂ ಪಡೆಯುವ ವೇಗವರ್ಧಕಗಳನ್ನು ಮಾಡಿ, ಅವುಗಳನ್ನು ಕೆಲಸದ ನಡುವೆ ಕ್ಷ-ಕಿರಣದಿಂದ ಪರೀಕ್ಷಿಸುತ್ತ ಬಂದಿದೆ. ಆ ಬಳಗದಿಂದ ಹೊಮ್ಮಿದ ‘ಬ್ರೀದ್’ ಎಂಬ ಉದ್ಯಮವು ೨೦೧೮ರಲ್ಲಿ ಇಂಗಾಲಾಮ್ಲದ ಉಪಯೋಗಕ್ಕಾಗಿ ನಡೆದ ಜಾಗತಿಕ ಸ್ಪರ್ಧೆಯ ಕೊನೆಯ ಹತ್ತು ಜನರ ಸಾಲಿನಲ್ಲಿ ನಿಂತಿತು.

೮

ಇಷ್ಟೆಲ್ಲ ಶ್ರಮದಿಂದ ಗೃಹಸ್ಥನಿಗೇನು ಲಾಭವೆಂದು ಕೇಳಬಹುದು. ೨೦೨೩ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ೧೯,೭೪೪ ಕೋಟಿ ರೂಪಾಯಿಗಳ ಹಸಿರು ಜಲಜನಕದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ೨೦೩೦ರ ಹೊತ್ತಿಗೆ ವರ್ಷಕ್ಕೆ ಐವತ್ತು ಲಕ್ಷ ಟನ್ನು ಜಲಜನಕವನ್ನು ಹುಟ್ಟಿಸುವದು ಅದರ ಗುರಿ. ಒಂದು ಕಿಲೋ ಜಲಜನಕಕ್ಕೆ ಒಂಬತ್ತು ಕಿಲೋ ನೀರು ಒಡೆಯಬೇಕು. ಲೆಕ್ಕದ ಪ್ರಕಾರ ಇದಕ್ಕೆ ಸುಮಾರು ೩೯ ಯುನಿಟ್ ವಿದ್ಯುತ್ತು ಸಾಕು. ಆಚರಣೆಯಲ್ಲಿ ೫೦ಕ್ಕೂ ಹೆಚ್ಚು ಬೇಕಾಗುವದು. ಈ ಅಂತರದ ಬಹುಭಾಗವು ವೇಗವರ್ಧಕದ ಮೈಮೇಲೆ, ವಿಶೇಷವಾಗಿ ಆಮ್ಲಜನಕ ಏಳುವ ಕಡೆಯಲ್ಲಿ, ವ್ಯರ್ಥವಾಗುವದು. ಆಮ್ಲಯುಕ್ತ ಕೋಶಗಳಲ್ಲಿ ಆ ಜಾಗದಲ್ಲಿ ತಾಳಿ ನಿಲ್ಲಬಲ್ಲ ಲೋಹವೆಂದರೆ ಇರಿಡಿಯಂ. ಜಗತ್ತಿನಲ್ಲಿ ಅದು ದೊರೆಯುವದು ವರ್ಷಕ್ಕೆ ಹತ್ತು ಟನ್ನಿಗಿಂತಲೂ ಕಡಿಮೆ. ಅದನ್ನು ಮಿತವಾಗಿ ಬಳಸುವದು ಹೇಗೆ, ನಿಕ್ಕಲು ಕಬ್ಬಿಣಗಳಂಥ ಸುಲಭ ಲೋಹಗಳಿಂದ ಅದೇ ಕೆಲಸ ಮಾಡಿಸುವದು ಹೇಗೆ, ಎಂಬುದನ್ನು ಊಹೆಯಿಂದ ತೀರ್ಮಾನಿಸಿದರೆ ಕೋಟಿಗಟ್ಟಲೆ ಹಣ ಸುರಿದ ಮೇಲೆ ತಪ್ಪು ತಿಳಿಯುವದು. ಕಿಟಕಿಯುಳ್ಳ ಕೋಶದಲ್ಲಿ ಮೊದಲೇ ಕಂಡರೆ ಕೆಲವೇ ದಿನಗಳಲ್ಲಿ ತಿಳಿಯುವದು.

ಇನ್ನೊಂದು ಮಾತು ನಮ್ಮ ಭಾಗದವರು ವಿಶೇಷವಾಗಿ ಎಣಿಸತಕ್ಕದ್ದು. ಸಿಂಕ್ರೊಟ್ರಾನ್ ಯಂತ್ರವನ್ನು ಜಿಲ್ಲೆಗೊಂದರಂತೆ ಕಟ್ಟುವದು ಯಾವ ದೇಶಕ್ಕೂ ಸಾಧ್ಯವಿಲ್ಲ. ಕೋಶವನ್ನು ಮಾತ್ರ ಎಲ್ಲಿಯಾದರೂ ಕಟ್ಟಬಹುದು. ೧೯೫೦ರಲ್ಲಿ ಮುಂಬಯಿಯಿಂದ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿದ್ಯುದ್ರಸಾಯನದ ಅಭ್ಯಾಸ ನಡೆದೇ ಇದೆ. ೨೦೧೬ರಲ್ಲಿ ಅದೇ ಊರಿನಲ್ಲಿ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆಯೂ ತಲೆಯೆತ್ತಿದೆ. ಹುಬ್ಬಳ್ಳಿಯ ಕಾರಖಾನೆಗಳಲ್ಲಿ ಲೇತಿನ ಕೈಚಳಕಕ್ಕೆ ಬರಗಾಲವಿಲ್ಲ. ಪ್ಲಾಸ್ಟಿಕ್ಕಿನ ಪಾತ್ರೆಯನ್ನು ಪದರು ಪದರಾಗಿ ಅಚ್ಚೊತ್ತುವ ಯಂತ್ರಗಳು ಈಗ ಕಾಲೇಜುಗಳನ್ನೂ ಮುಟ್ಟಿವೆ. ಕೋಶವನ್ನು ಇಲ್ಲಿಯೇ ರೂಪಿಸಿ, ಸೋರಿಕೆಯನ್ನೂ ಗುಳ್ಳೆಯನ್ನೂ ಸಾಕ್ಷಿಯ ವಿದ್ಯುದ್ವಾರವನ್ನೂ ಇಲ್ಲಿಯೇ ಪರೀಕ್ಷಿಸಿ, ಅದರಲ್ಲಿ ದೊರೆತ ಪ್ರವಾಹವು ಸಾಮಾನ್ಯ ಕೋಶದ ಪ್ರವಾಹಕ್ಕೆ ಸರಿಹೊಂದುವದೆಂದು ಖಾತ್ರಿ ಮಾಡಿಕೊಂಡು ಹೊರಟವನು, ಇಂದೂರಿನಲ್ಲಿ ದೊರೆಯುವ ಕೆಲವೇ ದಿನಗಳನ್ನು ಸಾರ್ಥಕಗೊಳಿಸುವನು. ಹಾಗೆ ಮಾಡದೆ ಹೋದವನಿಗೆ ಎಷ್ಟು ತೀವ್ರವಾದ ಬೆಳಕೂ ಉಪಯೋಗಕ್ಕೆ ಬಾರದು. ರಾವ್ ಅವರ ಬಳಗವು ಹಣತೆಯ ಬೆಳಕಿನಲ್ಲಿ ಮಾಡಿದ ಕೆಲಸ ಇದಕ್ಕೆ ಪ್ರಮಾಣ. ಬೆಳಕು ಕಡಿಮೆಯಿದ್ದಾಗ ಪಾತ್ರೆಯಾದರೂ ಚೆನ್ನಾಗಿರಬೇಕೆಂಬುದನ್ನು ಅವರು ಅರಿತಿದ್ದರು. ಬೆಳಕು ಹೆಚ್ಚಿರುವ ಇಂದಿನವರಿಗೂ ಆ ಅರಿವು ಅಷ್ಟೇ ಅವಶ್ಯ.